ಪೂಜೆಯ ಹೊತ್ತಿನ ಗುಳಿಗೆ

ನವನಗರ, ಹುಬ್ಬಳ್ಳಿ
೯ ಜುಲೈ ೨೦೨೪, ಮಂಗಳವಾರ

ಪ್ರೀತಿಯ ಮೈತ್ರೇಯಿಗೆ,

ನಿನ್ನ ಅತ್ತೆ ನಾಗರತ್ನಾ ಮನಸಾರೆ ಹರಸಿ ಬರೆಯುವುದು. ಹೇಗಿದ್ದೀಯವ್ವಾ? ನಿಮ್ಮ ಗದಗಿನಲ್ಲಿ ಮಳೆ ಹಿಡಿಯಿತೇ? ನಿನ್ನ ತಾಯಿಯವರ ಮೊಣಕಾಲು ನೋವು ಹೇಗಿದೆ? ಇಲ್ಲಿಂದ ಹೋಗುವಾಗ ನಿನ್ನ ಮೋರೆ ಬಾಡಿ ಇಷ್ಟಾಗಿತ್ತು. ಈಗಲಾದರೂ ಎರಡು ಬಿಸಿ ರೊಟ್ಟಿ ಹೊಟ್ಟೆ ತುಂಬ ಉಣ್ಣುತ್ತೀಯೋ, ಅಲ್ಲಿಯೂ ಮೊಳಕೆ ಕಾಳು, ಹಸಿ ಸೊಪ್ಪು ಅಂತ ಮೇಯುತ್ತಾ ಕುಳಿತಿದ್ದೀಯೋ? ನಾನು ಆರಾಮ ಇದ್ದೇನೆ. ಈ ಆರಾಮದ ಸಂಗತಿಯನ್ನೇ ನಿನಗೆ ಬರೆಯಬೇಕಾಗಿದೆ. ಫೋನಿನಲ್ಲಿ ಹೇಳಬಹುದಿತ್ತು. ಎರಡು ಸಲ ನಂಬರು ಒತ್ತಿ, ನೀನು ಎತ್ತುವ ಮೊದಲೇ ಕಟ್ ಮಾಡಿದೆ. ಮೂವತ್ತೊಂದು ವರ್ಷ ಸಾಲಿಯಲ್ಲಿ ಅಕ್ಕೋರು ಅನ್ನಿಸಿಕೊಂಡವಳು, ಬರೆಯುವುದಕ್ಕಾದರೂ ಧೈರ್ಯ ಬಂದೀತು ಅಂತ ಪೆನ್ನು ಹಿಡಿದಿದ್ದೇನೆ.

ಮೊನ್ನೆ ಭಾನುವಾರ ಊಟಕ್ಕೆ ಕುಳಿತಾಗ ಶಿವು ನಿನ್ನ ಮೆಸೇಜನ್ನು ಓದಿ ಹೇಳಿದ. ಬರುವ ಸೋಮವಾರ ನೀನು ತಿರುಗಿ ಬರುತ್ತೀಯಂತೆ. ಅತ್ತೆಯವರ ಬಿಪಿ ಗುಳಿಗೆಯಿಲ್ಲದೇ ಇಳಿದದ್ದು ನೆನೆಸಿಕೊಂಡರೆ ತಪ್ಪು ನನ್ನದೇ ಇರಬೇಕು ಅನ್ನಿಸುತ್ತದೆ, ಇನ್ನು ಮೇಲೆ ಗುಳಿಗೆಯ ವಿಷಯದಲ್ಲಿ ಪೇಶಂಟುಗಳ ಎದುರು ಅಡ್ಡ ಬಾಯಿ ಹಾಕುವುದಿಲ್ಲ ಅಂತ ಬರೆದಿದ್ದೀಯಂತೆ. "ನೋಡವ್ವಾ, ಹಾದಿಗಿ ಬಂದ್ಲು ನಿನ್ನ ಸೊಸಿ" ಅಂತ ನಕ್ಕ. ನಾನು ಉಣ್ಣುವುದನ್ನು ಬಿಟ್ಟು ಎದ್ದೆ. ಮೈತ್ರೇಯಿ, ತಪ್ಪು ನಿನ್ನದಲ್ಲ. ನಾನು ಬಿಪಿ ಗುಳಿಗೆ ಬಿಟ್ಟೇ ಇಲ್ಲ. ಹದಿನಾಲ್ಕು ತಿಂಗಳಿಂದ ದಿನಾ ಒಂದು ಕದ್ದು ನುಂಗುತ್ತಿದ್ದೇನೆ. ಇವತ್ತೂ ನುಂಗಿದ್ದೇನೆ.

ಬೈದುಕೋ. ಮುದುಕಿ, ಕಳ್ಳಿ, ಏನು ಬೇಕಾದರೂ ಅನ್ನು. ಅಂದಮೇಲೆ ಉಳಿದದ್ದನ್ನು ಓದು.

ನೀವಿಬ್ಬರೂ ಮದುವೆಯಾದ ಹೊಸದರಲ್ಲಿ ನನ್ನ ಊಟದ ಟೇಬಲ್ಲಿನ ಮೇಲೆ ಹಳೆ ಕ್ಯಾಲೆಂಡರ್ ಹಾಳೆ ತಿರುವಿಹಾಕಿ ನಕ್ಷೆ ಬರೆಯುತ್ತಿದ್ದುದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಒಂದೇ ಕಾಲೇಜಿನಲ್ಲಿ ಐದೂವರೆ ವರ್ಷ ಪ್ರಕೃತಿ ಚಿಕಿತ್ಸೆ ಕಲಿತವರು. ಮುಂದಿನ ಖೋಲಿಯಲ್ಲಿ ಯೋಗ, ಹಿತ್ತಲಲ್ಲಿ ಮಣ್ಣಿನ ಪಟ್ಟಿ, ಸ್ನಾನದ ತೊಟ್ಟಿ, ಅಡುಗೆಮನೆಯಲ್ಲಿ ನಿನ್ನ ಪಥ್ಯ. ಹೆಂಗಸರನ್ನು ನೀನು ನೋಡುವುದು, ಗಂಡಸರನ್ನು ಅವನು. ಬೋರ್ಡಿನ ಮೇಲೆ ಯಾರ ಹೆಸರು ಮೊದಲು ಅಂತ ಜಗಳಾಡಿ, ಕಡೆಗೆ ಎರಡನ್ನೂ ಅಕ್ಕಪಕ್ಕ, ಒಂದೇ ಸೈಜಿನ ಅಕ್ಷರದಲ್ಲಿ ಬರೆಸಿದಿರಿ. ಡಾ. ಶಿವಯೋಗೀಶ, ಡಾ. ಮೈತ್ರೇಯಿ. ಅವತ್ತು ನಾನು ಎಷ್ಟು ಹಿಗ್ಗಿದ್ದೆ ಗೊತ್ತೇನು? ನನಗೂ ನಿನ್ನ ಮಾವನವರಿಗೂ ಜೋಡಿಯಾಗಿ ಮಾಡುವ ಕೆಲಸ ಅಂತ ಒಂದೂ ಇರಲಿಲ್ಲ. ಅವರದು ಹತ್ತಿಯ ದಲಾಲಿ, ನನ್ನದು ಸಾಲಿ. ಸಂಜೆ ಇಬ್ಬರೂ ದಣಿದು ಬಂದು ಒಬ್ಬರ ಮೋರೆ ಒಬ್ಬರು ನೋಡುತ್ತಿದ್ದೆವು, ಅಷ್ಟೇ.

ಆಮೇಲೆ ಆದದ್ದು ನಿನಗೆ ಗೊತ್ತೇ ಇದೆ. ನಾಲ್ಕು ತಿಂಗಳು ಒಂದು ನರಪಿಳ್ಳೆ ಬರಲಿಲ್ಲ. ಬಂದವರೂ ವಿಚಾರಿಸಿ, ಬೂದುಗುಂಬಳದ ರಸ ಒಂದು ಗುಟುಕು ಕುಡಿದು, ಚಿಗರಿ ಬಸ್ಸು ಹತ್ತಿ ಹೋದರು. (ಆ ರಸ ಕುಡಿದವರು ತಿರುಗಿ ಬಂದಿದ್ದರೆ ಅದೇ ಒಂದು ಪವಾಡ.) ಆಗ ನಿನ್ನ ಗಂಡನ ತಲೆಯಲ್ಲಿ ಹುಳ ಹೊಕ್ಕಿತು. ಮನೆಯವರನ್ನೇ ಗುಣ ಮಾಡದವನನ್ನು ಊರು ಹ್ಯಾಂಗ ನಂಬಬೇಕು ಅಂದ. ನನ್ನ ಎಂಟು ವರ್ಷದ ಬಿಪಿ ಗುಳಿಗೆಯ ಪಾಕೀಟನ್ನು ಎತ್ತಿ ಕಸದ ಬುಟ್ಟಿಗೆ ಒಗೆದ. ನೀನು ಅದನ್ನು ತೆಗೆದು ಒರೆಸಿ ಮತ್ತೆ ನನ್ನ ಕೈಗಿಟ್ಟು, "ಒಮ್ಮಿಂದೊಮ್ಮೆ ಬಿಡಬ್ಯಾಡ್ರಿ ಅತ್ತಿ, ಮೊದಲ ಪಥ್ಯ ಹತ್ತಲಿ, ನಿಮ್ಮ ಡಾಕ್ಟರನ್ನ ಕೇಳೇ ಕಡಿಮಿ ಮಾಡೂಣು" ಅಂದೆ. ಅವನು ಮತ್ತೆ ಒಗೆದ. ನಾನು ಮಗನ ಕಡೆಗೆ ನಿಂತೆ. ಹೆತ್ತ ಹೊಟ್ಟೆ ನೋಡು, ಹೊಟ್ಟೆಗೆ ಕಣ್ಣಿರುವುದಿಲ್ಲ.

ಮೊದಲಿನ ನಾಲ್ಕು ದಿನ ಮಾತ್ರ ಖರೇನೇ ಬಿಟ್ಟಿದ್ದೆ. ಐದನೆಯ ದಿನ ಜಳಕದ ಮನೆಯಲ್ಲಿ ತಲೆ ಗಿರ್ ಅಂತ ತಿರುಗಿ, ನಲ್ಲಿ ಹಿಡಿದುಕೊಂಡು ಕುಕ್ಕರಿಸಿದೆ. ಹೇಳಿದರೆ ಅವನ ಮೊದಲನೆಯ ಪೇಶಂಟೇ ಫೇಲು. ಹೇಳದಿದ್ದರೆ ನನ್ನ ಜೀವ. ಮರುದಿನ ಕಾಯಿಪಲ್ಲೆ ತರುವ ನೆಪದಲ್ಲಿ ಹೋಗಿ ಅದೇ ಗುಳಿಗೆ ತಂದೆ. ಎಲ್ಲಿ ಇಡಲಿ? ಈ ಮನೆಯಲ್ಲಿ ನನ್ನನ್ನು ಯಾರೂ ಮಾತಾಡಿಸದ, ನನ್ನ ಸಾಮಾನನ್ನು ಯಾರೂ ಮುಟ್ಟದ ಹೊತ್ತು ಒಂದೇ, ಲಿಂಗಪೂಜೆಯ ಹೊತ್ತು. ವಿಭೂತಿ ಡಬ್ಬಿಯ ತಳದಲ್ಲಿ ಗುಳಿಗೆ. ಎಡಗೈಯಲ್ಲಿ ಲಿಂಗ ಹಿಡಿದು, ಬಲಗೈಯಿಂದ ಗುಳಿಗೆ ಬಾಯಿಗೆ ಹಾಕಿ, ನೀರು ಕುಡಿದು ಕಣ್ಣು ಮುಚ್ಚುತ್ತಿದ್ದೆ. ನೀನು ಬಾಗಿಲಾಚೆ "ಅತ್ತಿ ಪೂಜಾದಾಗ ಅದಾರ, ಸಪ್ಪಳ ಮಾಡಬ್ಯಾಡ್ರಿ" ಅಂತ ಬಂದವರಿಗೆ ಹೇಳುತ್ತಿದ್ದುದು ಕೇಳಿಸುತ್ತಿತ್ತು. ನಾಚಿಕೆಗೆ ಮೈ ಹಿಡಿಯಾಗುತ್ತಿತ್ತು. ಆದರೂ ನುಂಗುತ್ತಿದ್ದೆ.

ಬಿಪಿ ಮಷೀನು ಛಲೋ ಅಂಕಿ ತೋರಿಸಿತು. ತೋರಿಸದೇ ಏನು ಮಾಡೀತು? ಅವನು ಆ ಅಂಕಿಗಳನ್ನು ನನ್ನ ಫೋಟೋದ ಕೆಳಗೆ ದೊಡ್ಡದಾಗಿ ಬರೆಸಿ ಮುಂದಿನ ಖೋಲಿಯಲ್ಲಿ ತೂಗುಹಾಕಿದ. ಜನ ಬರತೊಡಗಿದರು. ನನ್ನನ್ನು ಒಂದು ಕುರ್ಚಿ ಹಾಕಿ ಕೂರಿಸಿದ. ನಾನೂ ಕೂತೆ ನೋಡು, ಸುಳ್ಳು ಯಾಕೆ ಹೇಳಲಿ, ರುಚಿ ಹತ್ತಿತು. ರಿಟೈರ್ ಆದ ಮೇಲೆ ನನ್ನ ಮಾತನ್ನು ಹಾಗೆ ಕಿವಿಗೊಟ್ಟು ಕೇಳಿದವರು ಯಾರೂ ಇರಲಿಲ್ಲ.

ಹಾಗೆ ಬಂದವರೇ ಗ್ಯಾರೇಜಿನ ಗುಲಾಬಸಾಬರು. ಇಪ್ಪತ್ತು ವರ್ಷದಿಂದ ನಮ್ಮ ಮನೆಯ ಗಾಡಿ ನೋಡಿಕೊಂಡ ಮನುಷ್ಯ. ಅವರಿಗೂ ಬಿಪಿ. ನೀನು ಅವರಿಗೆ ಗುಳಿಗೆ ಬಿಡಬೇಡಿ ಅಂದೆ, ಶಿವು ಬಿಡಿ ಅಂದ. ಅವರು ಇಬ್ಬರನ್ನೂ ನೋಡಿ, ಕಡೆಗೆ ಕುರ್ಚಿಯ ಕಡೆ ತಿರುಗಿ, "ಅಕ್ಕೋರ, ನೀವು ಹೇಳ್ರಿ, ನೀವು ಹೇಳಿದಂಗ ಮಾಡ್ತೀನಿ" ಅಂದರು. ನಾನು "ನನ್ನ ನೋಡ್ರಿ ಗುಲಾಬಸಾಬ, ಒಂದ ಗುಳಿಗಿ ಇಲ್ಲದ ಹ್ಯಾಂಗ ಅದೀನಿ" ಅಂದೆ. ಇದೇ ಬಾಯಿಂದ ಅಂದೆ. ಇಪ್ಪತ್ತೆರಡು ದಿನಕ್ಕೆ ಅವರು ಗ್ಯಾರೇಜಿನಲ್ಲೇ ಬಿದ್ದರು. ಲಕ್ವಾ ಹೊಡೆದು ಬಲಗೈ ಹೋಯಿತು, ಮಾತು ಹೋಯಿತು. ಕಳೆದ ವಾರ ನೋಡಲು ಹೋಗಿದ್ದೆ. ಅವರ ಹೆಂಡತಿ ರಾಜಬಿ ನನಗೆ ಚಹಾ ಮಾಡಿ ಕೊಟ್ಟಳು. "ನಮ್ಮ ನಸೀಬರಿ ಅಕ್ಕೋರ, ನಿಮಗ ಹತ್ತಿದ ಔಷಧ ಇವರಿಗಿ ಹತ್ತಲಿಲ್ಲ" ಅಂದಳು. ಗುಲಾಬಸಾಬರು ಮಂಚದಿಂದ ನನ್ನನ್ನೇ ನೋಡುತ್ತಿದ್ದರು. ಆ ಚಹಾವನ್ನು ಹೇಗೆ ಕುಡಿದೆನೋ ನನಗೇ ಗೊತ್ತಿಲ್ಲ.

ಅವರು ಬಿದ್ದ ದಿನ ನಿಮ್ಮಿಬ್ಬರ ಜಗಳವೂ ನೆನಪಿದೆ. ಅವನು, "ಅವ್ವಗ ಆರಾಮ ಆಗಿಲ್ಲೇನು? ಅಂವ ಕದ್ದು ಮಟನ್ ತಿಂದಿರಬೇಕು, ಪಥ್ಯ ಮುರದಾನ" ಅಂತ ಕೂಗಿದ. ಅವರು ಮೂರು ವಾರ ಮಟನ್ ಇರಲಿ, ಉಪ್ಪನ್ನೂ ಮುಟ್ಟಿರಲಿಲ್ಲ ಅಂತ ರಾಜಬಿಯೇ ಹೇಳಿದಳು. ನೀನು ನನ್ನ ಮುಂದೆ ಬಂದು ಕುಳಿತು, ಕೈ ಹಿಡಿದು, "ಅತ್ತಿ, ಖರೇ ಹೇಳ್ರಿ, ನೀವು ಗುಳಿಗಿ ಬಿಟ್ಟೀರೇನ್ರಿ?" ಅಂತ ಕೇಳಿದೆ. "ಬಿಟ್ಟೀನವ್ವಾ" ಅಂದೆ. ಮರುದಿನ ನೀನು ಬ್ಯಾಗು ತೆಗೆದುಕೊಂಡು ಹೋದೆ. ನಿನ್ನ ಮೇಲೂ ನನಗೆ ಸಿಟ್ಟಿದೆ. ಅಷ್ಟು ಕಲಿತವಳು, ಈ ಮುದುಕಿಯ ಒಂದು ಮಾತಿಗೆ ನಿನ್ನ ವಿದ್ಯೆಯ ಮೇಲೆ ನೀನೇ ಅನುಮಾನ ಪಟ್ಟುಕೊಂಡೆಯಲ್ಲ! ಇನ್ನೊಂದು ಸಲ ಗಟ್ಟಿಯಾಗಿ ಕೇಳಿದ್ದರೆ ನಾನು ಒಪ್ಪಿಕೊಂಡುಬಿಡುತ್ತಿದ್ದೆನೇನೋ.

ಈಗ ಕೇಳು. ಸೋಮವಾರ ನೀನು ಬಾ, ಆದರೆ ತಲೆ ತಗ್ಗಿಸಿ ಬರಬೇಡ. ನೀನು ಬಂದ ಗಳಿಗೆಯಲ್ಲೇ ನಿನ್ನ ಎದುರಿಗೇ ನಾನು ಅವನಿಗೆ ಎಲ್ಲವನ್ನೂ ಹೇಳುತ್ತೇನೆ. ಒಂದು ದಿನ ಹಾರಾಡುತ್ತಾನೆ, ಎರಡು ದಿನ ಉಣ್ಣುವುದಿಲ್ಲ. ಹುಡುಗ ಕೆಟ್ಟವನಲ್ಲ, ಹಟಮಾರಿ. ತಿಳಿದ ಮೇಲೆ ನಾಚಿಕೊಳ್ಳುತ್ತಾನೆ. ಆಮೇಲೆ ನೀವಿಬ್ಬರೂ ಜೋಡಿಯಾಗಿ ಗುಲಾಬಸಾಬರ ಮನೆಗೆ ಹೋಗಿ, ನಾನೂ ಬರುತ್ತೇನೆ. ಹೆಬ್ಬಳ್ಳಿ ರಸ್ತೆಯಲ್ಲಿ ಹತ್ತು ಮಂಚದ ಚಿಕಿತ್ಸಾಲಯ ಹಾಕಬೇಕು ಅಂತ ಕುಣಿಯುತ್ತಿದ್ದಾನಲ್ಲ, ಅದನ್ನು ನೀನು ಹೇಳಿದ ರೀತಿಯಲ್ಲಿ ನಡೆಸಿರಿ. ನಿಮ್ಮ ವಿದ್ಯೆ ಸುಳ್ಳಲ್ಲ ಮೈತ್ರೇಯಿ. ನಿನ್ನ ಪಥ್ಯದಿಂದ ನನ್ನ ಮಲಬದ್ಧತೆ ಹೋಗಿದೆ, ನಿದ್ದೆ ಬರುತ್ತದೆ. ಸುಳ್ಳಾದದ್ದು ನಾನು.

ನಿನ್ನ ತಂದೆತಾಯಿಯವರಿಗೆ ನನ್ನ ಶರಣು ತಿಳಿಸು. ನಿನಗೆ ಒಳ್ಳೆಯದಾಗಲಿ, ನಿನ್ನ ಕೈಗುಣ ನೂರು ಮಂದಿಯನ್ನು ಎಬ್ಬಿಸಲಿ.

ಇಂತು ನಿನ್ನ ಅತ್ತೆ,
ನಾಗರತ್ನಾ

ತಾ. ಕ.: ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ, ಪೋಸ್ಟ್ ಆಫೀಸು ಮುಚ್ಚುವ ಹೊತ್ತಾಯಿತು. ಸೋಮವಾರದ ತನಕ ಯಾಕೆ ಕಾಯಬೇಕು ಅಂತ ಈಗಷ್ಟೇ ಶಿವುನನ್ನು ಕರೆದು, ಗುಳಿಗೆಯ ಪಾಕೀಟನ್ನು ಅವನ ಕೈಗಿಟ್ಟು ಎಲ್ಲ ಹೇಳಿಬಿಟ್ಟೆ. ಹಾರಾಡಲಿಲ್ಲ. ನಾಚಿಕೊಳ್ಳಲೂ ಇಲ್ಲ. ಎದ್ದು ಬಾಗಿಲು ಮುಂದೆ ಮಾಡಿ ಬಂದು, ಸಣ್ಣ ದನಿಯಲ್ಲಿ, "ಆತು ಬಿಡವ್ವಾ, ನೀ ತಗೋ. ಮೈತ್ರೇಯಿಗಿ ಮಾತ್ರ ಹೇಳಬ್ಯಾಡ. ನಿನ್ನ ಫೋಟೋದ್ದು ಹ್ಯಾಂಡಬಿಲ್ ಎರಡ ಸಾವಿರ ಹೊಡಿಸೇನಿ" ಅಂದ. ಗುಲಾಬಸಾಬರ ಹೆಸರು ಅವನ ಬಾಯಲ್ಲಿ ಬರಲೇ ಇಲ್ಲ. ಮೇಲೆ ಬರೆದದ್ದನ್ನು ಹೊಡೆದುಹಾಕಲು ಹೊತ್ತಿಲ್ಲ. ಅವನು ನಾನು ಹೆತ್ತ ಮಗ, ಆದರೂ ಹೇಳುತ್ತಿದ್ದೇನೆ. ಸೋಮವಾರ ಬರಬೇಡ.