ಹೊತ್ತು ತಂದ ಹದಿಮೂರನೆಯವಳು

ಮಾನ್ಯ ವಿದ್ಯಾರ್ಥಿ ಕಲ್ಯಾಣಾಧಿಕಾರಿಗಳೇ,

ಕಳೆದ ಶುಕ್ರವಾರ ನಿಮ್ಮ ಕಾಲೇಜಿನ ವಿದ್ಯಾರ್ಥಿ ಪರಿಷತ್ತಿನ ಸಭೆಯಲ್ಲಿ ನನ್ನ ತಂಗಿ ನಿಮ್ಮ ಕಣ್ಣೆದುರಿಗೇ ಕೂತಿದ್ದಳು. ನೀವು ಅವಳ ಮುಖ ನೋಡಿದಿರಿ, ಎರಡೂ ಕಾಲಿನ ಬ್ಯಾಂಡೇಜ್ ನೋಡಿದಿರಿ, "ಹೇಗಿದ್ದೀಯಮ್ಮಾ" ಎಂದು ವಿಚಾರಿಸಿದಿರಿ. ಆಮೇಲೆ ಅವಳನ್ನು ಲೆಕ್ಕಕ್ಕೆ ಹಿಡಿಯದೆ, ಕೋರಂ ಇಲ್ಲವೆಂದು ಸಭೆ ಮುಗಿಸಿ ಎದ್ದುಹೋದಿರಿ. ಎದುರಿಗಿದ್ದವರನ್ನು ಮಾಯ ಮಾಡುವ ಈ ವಿದ್ಯೆ ನನಗೂ ಬೇಕಿತ್ತು. ನಾನು ಮನೆ ಸಾಮಾನು ಸಾಗಿಸುವವನು; ಬೀರು, ಫ್ರಿಜ್ಜುಗಳನ್ನು ಹೀಗೆ ಮಾಯ ಮಾಡಲು ಬಂದಿದ್ದರೆ ನನ್ನ ಸೊಂಟವಾದರೂ ಉಳಿಯುತ್ತಿತ್ತು.

ಈ ಪತ್ರವನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ, ಓದುಗರಿಗೆ ಹಿನ್ನೆಲೆ ಗೊತ್ತಿರಲಿ. ರಸಾಯನಶಾಸ್ತ್ರ ಪ್ರಯೋಗಾಲಯದ ಗೋಡೆಯ ಕಪಾಟು ಕಳಚಿ, ಮೇಲಿದ್ದ ಆ್ಯಸಿಡ್ ಬಾಟಲಿಗಳು ನನ್ನ ತಂಗಿಯ ಕಾಲ ಮೇಲೆ ಒಡೆದವು. ಕಪಾಟು ಅಲ್ಲಾಡುತ್ತಿದೆ ಎಂದು ಪರಿಷತ್ತಿನ ಸದಸ್ಯೆಯಾಗಿ ಅವಳೇ ಎರಡು ಸಲ ನಿಮ್ಮ ಕಚೇರಿಗೆ ಬಂದು ಹೇಳಿದ್ದಳು. "ನೋಡೋಣ" ಎಂದಿದ್ದಿರಿ. ನೋಡಿದ್ದಾಯಿತು. ಅವಳು ಆಸ್ಪತ್ರೆಯಲ್ಲಿದ್ದಾಗ ಕೊನೆಯ ವರ್ಷದ ಪರೀಕ್ಷೆ ಮುಗಿದುಹೋಯಿತು. ಮರುಪರೀಕ್ಷೆ ಬೇಕೆಂದರೆ ಪರಿಷತ್ತು ಶಿಫಾರಸು ಮಾಡಬೇಕು, ಅದಕ್ಕೆ ಹತ್ತೊಂಬತ್ತು ಸದಸ್ಯರಲ್ಲಿ ಮೂರನೇ ಎರಡರಷ್ಟು, ಅಂದರೆ ಹದಿಮೂರು ಜನ ಹಾಜರಿರಬೇಕು ಎಂದು ನೀವೇ ಹೇಳಿದಿರಿ. ಸಭೆಯ ದಿನವನ್ನೂ ನೀವೇ ಗೊತ್ತುಮಾಡಿದಿರಿ. ಆರು ಸದಸ್ಯರನ್ನು ಅದೇ ದಿನ ಬಸ್ಸು ಹತ್ತಿಸಿ ದೂರದೂರಿನ ಪಂದ್ಯಾವಳಿಗೆ ಕಳಿಸಿದವರೂ ನೀವೇ. ಅವರಲ್ಲಿ ಒಬ್ಬ ಚೆಂಡು ಕಂಡರೆ ದೂರ ಸರಿಯುವ ಹುಡುಗ. ಅವನನ್ನು ಕ್ಯಾಪ್ಟನ್ ಮಾಡಿದ್ದಿರಂತೆ. ಉಳಿದವರು ಹನ್ನೆರಡು ಮಂದಿ, ಮತ್ತು ಹಾಸಿಗೆಯಲ್ಲಿ ಮಲಗಿದ್ದ ನನ್ನ ತಂಗಿ.

ಫೋನಿನಲ್ಲಿ ಸಭೆಗೆ ಸೇರಬಹುದೇ ಎಂದು ನಿಮ್ಮ ಗುಮಾಸ್ತರನ್ನು ಕೇಳಿದೆ. "ಧ್ವನಿ ಬಂದ್ರೆ ಆಗಲ್ಲಪ್ಪ, ಆಳು ಬರ್ಬೇಕು" ಎಂದರು. ಸರಿ, ಆಳನ್ನೇ ತಂದೆ. ಲಿಫ್ಟು ಸಿಬ್ಬಂದಿಗೆ ಮಾತ್ರ, ಅದರ ಕೀಲಿ ನಿಮ್ಮ ಮೇಜಿನ ಖಾನೆಯಲ್ಲಿ. ಹಾಗಾಗಿ ಅವಳನ್ನು ಕೂಸುಮರಿ ಮಾಡಿಕೊಂಡು ಮೂರು ಮಹಡಿ ಹತ್ತಿದೆ. ಬೀರು ಹೊತ್ತು ಮೆಟ್ಟಿಲು ಹತ್ತುವುದು ನನ್ನ ಕಸುಬು. ಆದರೆ ಬೀರು ತಿರುವಿನಲ್ಲಿ ಗೋಡೆಗೆ ತಗುಲಿದರೆ ಅದಕ್ಕೆ ನೋಯುವುದಿಲ್ಲ. ಇವಳು ಕಾಲು ತಗುಲಿದಾಗಲೆಲ್ಲ ಹಲ್ಲು ಕಚ್ಚಿಕೊಂಡಳು. ಅವಳ ಉಸಿರು ನನ್ನ ಕಿವಿಯ ಹತ್ತಿರವೇ ನಡುಗುತ್ತಿತ್ತು.

"ಅಣ್ಣ, ಇಳಿಸು. ಎಲ್ರೂ ನೋಡ್ತಿದಾರೆ."

"ನೋಡ್ಲಿ ಬಿಡು. ನೋಡೋಕೆ ತಾನೇ ಕರೆದಿರೋದು. ಗಟ್ಟಿಯಾಗಿ ಹಿಡ್ಕೋ."

ನಾವು ಬಾಗಿಲಲ್ಲಿ ಕಂಡಾಗ ಒಳಗಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು. ನಿಮ್ಮ ಮುಖದ ನೀರಿಳಿದದ್ದನ್ನು ನಾನು ನೋಡಿದೆ, ನೋಡಿ ಖುಷಿಯೂ ಪಟ್ಟೆ, ಸುಳ್ಳೇಕೆ ಹೇಳಲಿ? ಆ ಖುಷಿ ನಾನು ಬೆವರು ಒರೆಸಿಕೊಳ್ಳುವಷ್ಟು ಹೊತ್ತೂ ನಿಲ್ಲಲಿಲ್ಲ. ನೀವು ಗಂಟಲು ಸರಿಮಾಡಿಕೊಂಡು, ಚರ್ಚೆಗಿರುವುದು ಈಕೆಯದೇ ವಿಷಯವಾದ್ದರಿಂದ ಈಕೆಯ ಹಾಜರಿ ಕೋರಂಗೆ ಸಲ್ಲದು ಎಂದಿರಿ. ನಾನೂ ಒಂದು ಕಾಲದಲ್ಲಿ ಇದೇ ಕಾಲೇಜಿನಲ್ಲಿ ಗಣಿತ ಕಲಿತವನು, ಒಂದು ಸಂದೇಹ ಪರಿಹರಿಸಿ. ಹದಿಮೂರು ಬೇಕು ಎಂಬ ಲೆಕ್ಕ ಬಂದದ್ದು ಹತ್ತೊಂಬತ್ತರಿಂದ. ಆ ಹತ್ತೊಂಬತ್ತರಲ್ಲಿ ಅವಳೂ ಸೇರಿದ್ದಾಳೆ. ಭಾಗಿಸುವಾಗ ಇದ್ದವಳು ಎಣಿಸುವಾಗ ಎಲ್ಲಿಗೆ ಹೋದಳು? ಈ ನಿಯಮ ನಿಮಗೆ ಮೊದಲೇ ಗೊತ್ತಿದ್ದರೆ, ಅವಳು ನೋವು ತಿನ್ನುತ್ತ ಮಹಡಿ ಹತ್ತುವ ಮೊದಲು ಹೇಳಲು ಏನು ಅಡ್ಡಿಯಿತ್ತು? ಅಡ್ಡಿ ನನಗೆ ಗೊತ್ತು. ಶಿಫಾರಸು ಮಾಡಿದರೆ ಕಾರಣ ಬರೆಯಬೇಕು. ಕಾರಣ ಬರೆದರೆ ಕಪಾಟು ಬರುತ್ತದೆ, ಕಪಾಟಿನ ಹಿಂದೆ ನೀವು ಬರುತ್ತೀರಿ.

ಮೆಟ್ಟಿಲಿಳಿಯುವಾಗ ಗುಮಾಸ್ತರು ಹಿಂದೆಯೇ ಬಂದು ಮೆಲ್ಲಗೆ ಹೇಳಿದರು: "ನಿಮ್ ತಂಗಿ ರಾಜೀನಾಮೆ ಕೊಟ್ಬಿಟ್ರೆ ಸದಸ್ಯರು ಹದಿನೆಂಟಾಗ್ತಾರೆ. ಆಗ ಹನ್ನೆರಡೇ ಸಾಕು. ಸಾಹೇಬ್ರೇ ಹೇಳಿ ಅಂದ್ರು." ಎಂಥ ಕರುಣೆ ನಿಮ್ಮದು. ಮನೆಯಲ್ಲಿ ಅವಳು ಊಟ ಮುಟ್ಟಲಿಲ್ಲ. ತರಗತಿ ತರಗತಿಗೆ ಹೋಗಿ ಕೈಮುಗಿದು ಗೆದ್ದ ಸ್ಥಾನ ಅದು. "ಓಟು ಹಾಕಿದವರಿಗೆ ಏನಂತ ಹೇಳ್ಲಿ ಅಣ್ಣ?" ಎಂದು ಅತ್ತಳು. ಬೆಳಿಗ್ಗೆ ಎದ್ದು ತಾನೇ ರಾಜೀನಾಮೆ ಬರೆದಳು. ನಿನ್ನೆ ನಿಮ್ಮ ಕಚೇರಿಯಿಂದ ಉತ್ತರ ಬಂತು: ಸದಸ್ಯರ ರಾಜೀನಾಮೆಯನ್ನು ಪರಿಷತ್ತಿನ ಸಭೆಯೇ ಅಂಗೀಕರಿಸಬೇಕು, ಆ ಸಭೆಗೂ ಕೋರಂ ಇರಬೇಕು, ಆ ಕೋರಂಗೂ ಅವಳು ಸಲ್ಲುವುದಿಲ್ಲ. ಕ್ರೀಡಾಪಟುಗಳು ಮುಂದಿನ ತಿಂಗಳ ತನಕ ಮರಳುವುದಿಲ್ಲ. ಮರುಪರೀಕ್ಷೆಯ ಗಡುವು ಈ ತಿಂಗಳಿಗೇ ಮುಗಿಯುತ್ತದೆ. ಇಷ್ಟನ್ನು ಓದಿ ನನ್ನ ತಂಗಿ ನಕ್ಕಳು. ಅಪಘಾತವಾದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಅಂಥ ನಗೆಯನ್ನು ನಮ್ಮ ಮನೆಯಲ್ಲಿ ಇನ್ನೊಮ್ಮೆ ಕೇಳುವುದು ನನಗೆ ಬೇಡ.

ನಾನು ಕೇಳುವುದು ಇಷ್ಟೇ. ತುರ್ತು ಸಂದರ್ಭದಲ್ಲಿ ಪರಿಷತ್ತಿನ ಒಪ್ಪಿಗೆಯಿಲ್ಲದೆ ಆದೇಶ ಹೊರಡಿಸುವ ಅಧಿಕಾರ ನಿಮಗಿದೆ. ಹೋದ ವರ್ಷ ನಿಮ್ಮ ಕೋಣೆಗೆ ಎ.ಸಿ. ಹಾಕಿಸಿದ್ದು ಆ ಅಧಿಕಾರದಿಂದಲೇ. ಸೆಖೆ ತುರ್ತಾಗಿತ್ತು, ಒಪ್ಪುತ್ತೇನೆ. ಸುಟ್ಟ ಕಾಲನ್ನೂ ಆ ಸಾಲಿಗೆ ಸೇರಿಸಿ. ಗಡುವು ಮುಗಿಯುವುದರೊಳಗೆ ಮರುಪರೀಕ್ಷೆಯ ಆದೇಶಕ್ಕೆ ಸಹಿ ಹಾಕಿ, ಕಾರಣದ ಜಾಗದಲ್ಲಿ ಕಪಾಟು ಎಂದೇ ಬರೆಯಿರಿ. ಇದಕ್ಕೆ ಹದಿಮೂರು ಜನ ಬೇಡ, ಹನ್ನೆರಡೂ ಬೇಡ, ಒಬ್ಬರು ಸಾಕು. ಆ ಒಬ್ಬರು ನಿಮ್ಮ ಕುರ್ಚಿಯಲ್ಲಿ ಇದ್ದಾರೆಯೇ ಎಂಬುದನ್ನು ಊರಿಗೆಲ್ಲ ತಿಳಿಸಿ.

ಇಂತಿ,
ಲೆಕ್ಕಕ್ಕೆ ಬಾರದ ಸದಸ್ಯೆಯ ಅಣ್ಣ,
ನಿಮ್ಮದೇ ಕಾಲೇಜಿನ ಹಳೆಯ ವಿದ್ಯಾರ್ಥಿ,
ಸದ್ಯ ಭಾರ ಹೊರುವವನು