ಲೀಟರಿಗೆ ಹನ್ನೊಂದು

ಮನೆ,
ಮಾರ್ಚ್ ೯, ಭಾನುವಾರ ಬೆಳಗ್ಗೆ

ಪ್ರೀತಿಯ ಪುಟ್ಟಾ,

ಹೇಗಿದ್ದೀಯ? ಬೆನ್ನುನೋವು ಹೇಗಿದೆ? ಎಂಜಿನ್ ಕೋಣೆಯಲ್ಲಿ ಬಗ್ಗಿ ಬಗ್ಗಿ ಕೆಲಸ ಮಾಡುವಾಗ ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀಯೋ ಅಥವಾ ಹೆಂಡತಿ ಕೊಟ್ಟ ಪಟ್ಟಿ ಪೆಟ್ಟಿಗೆಯ ತಳದಲ್ಲಿ ಬೆಚ್ಚಗೆ ಮಲಗಿದೆಯೋ? ಕಿವಿ ಮುಚ್ಚಿಕೊಳ್ಳದೆ ಆ ಗದ್ದಲದೊಳಗೆ ಹೋಗಬೇಡ. ಹೋದ ಸಲ ಫೋನಿನಲ್ಲಿ ನಾನು ಊಟವಾಯಿತೇ ಎಂದು ಕೇಳಿದರೆ ನೀನು ಅಲೆ ಜೋರಾಗಿದೆ ಅಂದೆ. ತಪ್ಪು ಸಿಗ್ನಲ್ಲಿನದೋ ನಿನ್ನ ಕಿವಿಯದೋ ದೇವರೇ ಬಲ್ಲ. ಅದಕ್ಕೇ ಈ ಕಾಗದ. ನಿಮ್ಮ ಹಡಗಿಗೆ ಹೊಸದಾಗಿ ಸೇರುವ ಅಡುಗೆಯವರು ಇವತ್ತು ಹೊರಡುತ್ತಾರಂತೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ನಾನು ಗಟ್ಟಿಮುಟ್ಟಾಗಿದ್ದೇನೆ. ಮಂಡಿ ಮಾತ್ರ ನನ್ನ ಮಾತು ಕೇಳುವುದಿಲ್ಲ, ನಿನ್ನ ಹೆಂಡತಿಯ ಮಾತು ಕೇಳುತ್ತದೆ. ಫಿಸಿಯೋಥೆರಪಿ ಕಲಿತ ಸೊಸೆ ಮನೆಯಲ್ಲಿದ್ದರೆ ಅತ್ತೆಯ ಗತಿ ಹೀಗೇ. ಕೂತರೆ ನೆಟ್ಟಗೆ ಕೂರಿ ಅನ್ನುತ್ತಾಳೆ, ನಿಂತರೆ ಭುಜ ಇಳಿಸಿ ಅನ್ನುತ್ತಾಳೆ. ಮಲಗಿದಾಗ ಮಾತ್ರ ಸುಮ್ಮನಿರುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ರಜೆಗೆ ನಾನು ಬರುವಷ್ಟರಲ್ಲಿ ಗಾಡಿ ಮಾರಿಬಿಡಿ ಎಂದು ನೀನು ಕಳಿಸಿದ ಸಂದೇಶ ತಲುಪಿತು. ಕೊಳ್ಳುವವರನ್ನೂ ನೀನೇ ಗೊತ್ತು ಮಾಡಿದ್ದೀಯ. ಅಪ್ಪ ಹೋದ ಮೇಲೆ ಗಾಡಿ ನನ್ನ ಹೆಸರಿಗೆ ಆಗಿರುವುದರಿಂದ ನಾನೊಂದು ರುಜು ಹಾಕಿದರೆ ಕೆಲಸ ಮುಗಿಯಿತು ಅಂದಿದ್ದೀಯ. ಕಾರಣ ಒಂದೇ ಸಾಲು: ಹೈವೇಯಲ್ಲಿ ಲೀಟರಿಗೆ ಹನ್ನೊಂದರ ಮೇಲೆ ಕೊಡುವುದಿಲ್ಲ, ಇಟ್ಟುಕೊಂಡು ಏನು ಪ್ರಯೋಜನ. ಅಲ್ಲಪ್ಪ, ಇದನ್ನು ಯಾರಿಗೆ ಬರೆಯುತ್ತಿದ್ದೇನೆ ಎಂಬುದಾದರೂ ನಿನಗೆ ಜ್ಞಾಪಕವಿತ್ತೇ? ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ತಲೆಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ತರಕಾರಿಯವರ ತಕ್ಕಡಿ, ಬಟ್ಟೆ ಅಂಗಡಿಯ ಮೀಟರ್ ಕೋಲು, ಪೆಟ್ರೋಲ್ ಬಂಕಿನ ಪಂಪು, ಯಾವುದಕ್ಕೂ ಪರೀಕ್ಷೆ ಮಾಡದೆ ಸೀಲು ಒತ್ತಿದವಳಲ್ಲ. ಮಗ ಹೇಳಿದ ಎಂದು ರುಜು ಹಾಕುತ್ತೇನೆಯೇ? ಸೊಸೆಗೆ ಎರಡು ದಿನ ರಜೆ ಹಾಕಿಸಿದೆ, ಗಾಡಿಯ ಮೇಲಿನ ಹೊದಿಕೆ ತೆಗೆಸಿದೆ, ನಡಿ ಬಂದರಿಗೆ ಹೋಗಿ ಬರೋಣ ಅಂದೆ.

ಈ ಗಾಡಿಯ ಮೇಲೆ ನನಗೆ ಮೊದಲಿನಿಂದಲೂ ಪ್ರೀತಿ ಅಷ್ಟಕ್ಕಷ್ಟೇ ಎಂಬುದು ನಿನಗೆ ಗೊತ್ತು, ಹಾಗಾಗಿ ಪಕ್ಷಪಾತ ಅನ್ನಬೇಡ. ಕ್ರಾಸ್‌ಓವರ್ ಅನ್ನುತ್ತಾರೆ, ಎಸ್‌ಯುವಿ ಅನ್ನುತ್ತಾರೆ, ನನ್ನ ಕಣ್ಣಿಗೆ ಅದು ಜೀಪಿನ ವೇಷ ಹಾಕಿದ ಕಾರು. ನಿಮ್ಮಪ್ಪ ವೇಷಧಾರಿ ಎಂದೇ ಕರೆಯುತ್ತಿದ್ದರಲ್ಲ. ಔಷಧ ಕಂಪನಿಯ ಪ್ರತಿನಿಧಿಯಾಗಿ ಪ್ರಾಯವನ್ನೆಲ್ಲ ಸ್ಕೂಟರಿನ ಮೇಲೆ ಸವೆಸಿದ ಮನುಷ್ಯ, ಇನ್ನು ಮೇಲಾದರೂ ಎತ್ತರದಲ್ಲಿ ಕೂತು ಹೈವೇ ನೋಡಬೇಕು ಎಂದು ಆಸೆಪಟ್ಟು ಕೊಂಡದ್ದು. ಕೊಂಡದ್ದೇ ತಡ, ಮೈಲೇಜಿನ ಹುಚ್ಚು ಹಿಡಿಯಿತು. ಕಂಪನಿಯವರು ಇಪ್ಪತ್ತೊಂದು ಅಂತಾರೆ, ಅದು ಕೋಣೆಯೊಳಗೆ ರೋಲರ್ ಮೇಲೆ ಓಡಿಸಿದ ಲೆಕ್ಕ, ಅಲ್ಲಿ ಎದುರುಗಾಳಿ ಇಲ್ಲ, ಏರು ಇಲ್ಲ, ಹಿಂದಿನ ಸೀಟಿನಲ್ಲಿ ಹೆಂಡತಿಯ ಚೀಲಗಳೂ ಇಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಆಕ್ಸಿಲರೇಟರ್ ಮೇಲೆ ಕಾಲನ್ನು, ಮಲಗಿದ ಮಗುವಿನ ಮೈಮೇಲೆ ಕೈ ಇಡುವ ಹಾಗೆ ಇಡಬೇಕಂತೆ. ಅವರ ಲೆಕ್ಕದಲ್ಲಿ ಹದಿನೆಂಟು ಅಂದರೆ ನೆಮ್ಮದಿ, ಹದಿನೈದು ಅಂದರೆ ಅವಸರ, ಅದಕ್ಕಿಂತ ಕೆಳಗೆ ಅಂದರೆ ಓಡಿಸುವವನ ತಲೆ ನೆಟ್ಟಗಿಲ್ಲ. ಮೈಲೇಜು ಎಷ್ಟು ಬಂತು ಹೇಳು, ಹೇಗೆ ಬಂದೆ ಅಂತ ನಾನು ಹೇಳ್ತೀನಿ ಅನ್ನುತ್ತಿದ್ದರು. ಸೊಸೆ ಒಂದು ದಿನ ಆಸ್ಪತ್ರೆಗೆ ತಡವಾಯಿತೆಂದು ಓಡಿಸಿಕೊಂಡು ಹೋದದ್ದನ್ನು, ಮನೆಯ ಕುರ್ಚಿಯಿಂದ ಏಳದೆ, ಬರೀ ಮೀಟರಿನ ಅಂಕಿ ಕೇಳಿ ಕಂಡುಹಿಡಿದಿದ್ದರು. ಅವಳು ಇವತ್ತಿಗೂ ಆ ಕಥೆ ಹೇಳಿ ನಗುತ್ತಾಳೆ.

ಪರೀಕ್ಷೆಯನ್ನು ಹೇಗೆ ಮಾಡಿದೆವು ಎಂದು ಹೇಳಿಬಿಡುತ್ತೇನೆ, ಆಮೇಲೆ ಅದು ಸರಿಯಿಲ್ಲ ಇದು ಸರಿಯಿಲ್ಲ ಎಂದು ಮೂಗು ಮುರಿಯಬೇಡ. ಮೊದಲು ಮಾಡಿನ ಮೇಲಿದ್ದ ನಿನ್ನ ಕ್ಯಾರಿಯರ್ ಬಿಚ್ಚಿಸಿದೆ. ಖಾಲಿ ಕ್ಯಾರಿಯರ್ ಹೊತ್ತುಕೊಂಡು ಓಡುವುದೆಂದರೆ ಗಾಳಿಗೆ ಸುಮ್ಮನೆ ಒಂದು ಹಿಡಿಕೆ ಕೊಟ್ಟಂತೆ. ಟಯರು ತಣ್ಣಗಿರುವಾಗಲೇ ಗಾಳಿ ನೋಡಿಸಿದೆ, ನಾಲ್ಕೂ ಸೋತಿದ್ದವು. ನಮ್ಮ ಬೀದಿಯ ಕೊನೆಯ ಬಂಕಿನಲ್ಲಿ ಪಂಪಿನ ಸೀಸದ ಸೀಲು ನೋಡಿದೆ, ಐದು ಲೀಟರಿನ ಅಳತೆ ಪಾತ್ರೆ ತರಿಸಿ ಹಿಡಿಸಿದೆ. ಸೊಸೆಗೆ ನಾಚಿಕೆಯೋ ನಾಚಿಕೆ. ನಿವೃತ್ತಿಯಾಗಿ ಎಷ್ಟು ವರ್ಷವಾಯಿತು, ಇನ್ನೂ ಯಾಕೆ ಅತ್ತೆ ಎಂದು ಕಾರಿನೊಳಗೆ ಕೂತು ಮುಖ ಮುಚ್ಚಿಕೊಂಡಳು. ಬಂಕಿನ ಮಾಲೀಕರು ಮಾತ್ರ ನನ್ನನ್ನು ನೋಡಿದ ಕೂಡಲೇ ಶರ್ಟಿನ ಗುಂಡಿ ಹಾಕಿಕೊಂಡು ಹೊರಗೆ ಬಂದರು, ಹಳೇ ಅಭ್ಯಾಸ. ಟ್ಯಾಂಕ್ ತುಂಬಿಸಿ, ನಾಜಲ್ ತಾನಾಗಿ ನಿಂತ ಮೇಲೆ ಒಂದು ತೊಟ್ಟೂ ಹೆಚ್ಚು ಹಾಕಿಸಲಿಲ್ಲ. ಬಂದರಿನ ಊರು ಮುಟ್ಟಿದ ಮೇಲೆ ಅಲ್ಲೂ ಅದೇ ತಪಾಸಣೆ, ಅದೇ ರೀತಿ ಫುಲ್ ಮಾಡಿಸಿ, ಹಿಡಿದ ಪೆಟ್ರೋಲಿನಿಂದ ಓಡಿದ ದೂರವನ್ನು ಭಾಗಿಸಿದ್ದು. ಗಾಡಿಯ ಪರದೆಯ ಮೇಲೆ ಬರುವ ಅಂಕಿಯನ್ನು ನಾನು ನಂಬುವುದಿಲ್ಲ, ಅದು ತನ್ನನ್ನು ತಾನೇ ಸ್ವಲ್ಪ ಹೊಗಳಿಕೊಳ್ಳುತ್ತದೆ.

ಸೊಸೆ ಓಡಿಸುವುದನ್ನು ನೀನು ನೋಡಬೇಕಿತ್ತು ಕಣೋ. ಮುಳ್ಳು ತೊಂಬತ್ತಕ್ಕೆ ಅಂಟಿಕೊಂಡು ನಿಂತುಬಿಟ್ಟಿತ್ತು. ಹಿಂದಿನಿಂದ ಬಂದವರು ಹಾರ್ನ್ ಹೊಡೆದರೂ, ಪಕ್ಕದಲ್ಲಿ ಹಾದವರು ಕಣ್ಣು ಕೆಕ್ಕರಿಸಿದರೂ ಅವಳು ಜಗ್ಗಲಿಲ್ಲ. ಮುಂದೆ ಲಾರಿ ನಿಧಾನವಾದರೆ ದೂರದಿಂದಲೇ ಕಾಲು ತೆಗೆದುಬಿಡುತ್ತಿದ್ದಳು, ಬ್ರೇಕಿಗೆ ಕೆಲಸವೇ ಇರಲಿಲ್ಲ. ಎ.ಸಿ. ಹಾಕಿಕೊಂಡೇ ಹೋದೆವು, ಮೈಲೇಜಿಗೋಸ್ಕರ ಬೇಯುವ ವಯಸ್ಸು ನನ್ನದಲ್ಲ. ದಾರಿಯಲ್ಲಿ ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದೆವು, ಅತ್ತೆ ಸೊಸೆ ಸೇರಿ ನಿನ್ನನ್ನು ಮನಸಾರೆ ಆಡಿಕೊಂಡೆವು. ಫಲಿತಾಂಶ ಕೇಳು. ಪರದೆ ಹತ್ತೊಂಬತ್ತು ಎಂದು ಜಂಬ ಕೊಚ್ಚಿತು, ನನ್ನ ಲೆಕ್ಕಕ್ಕೆ ಬಂದದ್ದು ಹದಿನೆಂಟಕ್ಕೆ ಕೂದಲೆಳೆಯಷ್ಟು ಕಡಿಮೆ. ಟ್ಯಾಂಕಿನಲ್ಲಿ ಇನ್ನೂ ಕಾಲು ಭಾಗ ಪೆಟ್ರೋಲು ಹಾಗೇ ಇತ್ತು. ಇಷ್ಟು ಎತ್ತರದ, ಇಷ್ಟು ಅಗಲ ಮುಖದ ಗಾಡಿ ಆರುನೂರು ಮೈಲಿ ಗಾಳಿಯನ್ನು ಸೀಳಿಕೊಂಡು ಹೋಗಿ ಹದಿನೆಂಟು ಕೊಟ್ಟರೆ ಅದಕ್ಕಿಂತ ಹೆಚ್ಚು ಕೇಳುವುದು ದುರಾಸೆ. ಇಲ್ಲ, ಮೈಲಿ ಎಂದು ಬರೆದುಬಿಟ್ಟೆ, ದೂರ ಸುಮಾರು ಆರುನೂರು ಕಿಲೋಮೀಟರು. ಇನ್‌ಸ್ಪೆಕ್ಟರಿಗೂ ವಯಸ್ಸಾಗುತ್ತದೆ.

ಹಾಗಾದರೆ ನಿನ್ನ ಹನ್ನೊಂದು ಎಲ್ಲಿಂದ ಬಂತು ಎಂಬ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಮಾರನೆಯ ದಿನ ವಾಪಸು ಬರುವಾಗ ನಡುದಾರಿಯ ದೊಡ್ಡ ಬಂಕಿನ ಹತ್ತಿರ ಟೀಗೆ ನಿಲ್ಲಿಸಿದೆವು. ಪೆಟ್ರೋಲು ಬೇಕಿರಲಿಲ್ಲ. ಸೊಸೆ ಕಪ್ಪು ಹಿಡಿದುಕೊಂಡು ಪಂಪುಗಳ ಕಡೆಯೇ ನೋಡುತ್ತಾ ನಿಂತಳು. ಆಮೇಲೆ, "ಅತ್ತೆ, ಅವತ್ತು ನಿಮ್ಮ ಮಗ ನಿಂತಿದ್ದು ಇಲ್ಲೇ. ಇಲ್ಲಿ ನಿಲ್ಲದೆ ಬಂದಿದ್ರೆ ಮಾವ ಸಿಗ್ತಿದ್ರು ಅಂತ ಇವತ್ತಿಗೂ ಅಂದ್ಕೊಂಡಿದಾರೆ. ನನ್ನ ಹತ್ರ ಒಂದೇ ಒಂದು ಸಲ ಹೇಳಿದ್ದು" ಅಂದಳು. ಆ ದಿನ ನೀನು ತರಬೇತಿಗೆಂದು ಗಾಡಿ ತೆಗೆದುಕೊಂಡು ಬಂದರಿನ ಊರಿನಲ್ಲಿದ್ದೆ. ಬೆಳಗ್ಗೆ ನಿಮ್ಮಪ್ಪನಿಗೆ ಎದೆನೋವು ಬಂದದ್ದು, ಆಸ್ಪತ್ರೆಯಿಂದ ಸೊಸೆ ನಿನಗೆ ಸುದ್ದಿ ಮುಟ್ಟಿಸಿದ್ದು, ನೀನು ವಾರ್ಡಿನ ಬಾಗಿಲಿಗೆ ಬಂದಾಗ ಅವರು ಹೋಗಿ ಅರ್ಧ ಗಂಟೆಯೂ ಆಗಿರಲಿಲ್ಲ ಎಂಬುದು, ಎಲ್ಲ ನನಗೂ ಗೊತ್ತು. ಆದರೆ ಆ ಅರ್ಧ ಗಂಟೆಯನ್ನು ನೀನು ಈ ಬಂಕಿನ ಕ್ಯೂನಲ್ಲಿ ಕಳೆದುಕೊಂಡೆ ಎಂದು ಲೆಕ್ಕ ಹಾಕಿಕೊಂಡು ಕೂತಿದ್ದೀ ಎಂಬುದು ಗೊತ್ತಿರಲಿಲ್ಲ. ಗಾಡಿ ಪೆಟ್ರೋಲು ಕುಡಿದದ್ದಕ್ಕೆ ನಿಲ್ಲಬೇಕಾಯಿತು, ನಿಂತದ್ದಕ್ಕೆ ಅಪ್ಪ ಸಿಗಲಿಲ್ಲ, ಆದ್ದರಿಂದ ಗಾಡಿ ಮನೆಯಲ್ಲಿ ಇರಕೂಡದು. ಇದಲ್ಲವೇ ನಿನ್ನ ಆ ಒಂದು ಸಾಲಿನ ಅರ್ಥ?

ಕಾರು ಹತ್ತಿದ ಮೇಲೆ ಸೊಸೆಗೆ, ಇಲ್ಲಿಂದ ಮುಂದಕ್ಕೆ ಅವನು ಓಡಿಸಿದ ಹಾಗೆ ಓಡಿಸು ಅಂದೆ. ಅವಳು ಆಗುವುದೇ ಇಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿದಳು. ಕೊನೆಗೆ, ರಸ್ತೆ ಖಾಲಿ ಇರುವ ಕಡೆ, ಬೋರ್ಡಿನಲ್ಲಿ ಬರೆದಿರುವ ನೂರ ಇಪ್ಪತ್ತರವರೆಗೆ ಮಾತ್ರ ಎಂದು ಒಪ್ಪಿದಳು. ಗಾಡಿಯ ಸದ್ದೇ ಬದಲಾಯಿತು. ಕಿಟಕಿಯ ಸಂದಿನಲ್ಲಿ ಗಾಳಿ ಕಿರುಚತೊಡಗಿತು, ಪರದೆಯ ಅಂಕಿ ಇಳಿಯುತ್ತಾ ಇಳಿಯುತ್ತಾ ಹದಿಮೂರಕ್ಕೆ ಬಂತು. ಹನ್ನೊಂದು ಇನ್ನೂ ಕೆಳಗೇ ಇತ್ತು. ಹಾಗಾದರೆ ಆ ದಿನ, ಮೇಲೆ ಕ್ಯಾರಿಯರ್ ಹೊತ್ತುಕೊಂಡು, ನೀನು ಎಷ್ಟರಲ್ಲಿ ಬಂದಿರಬೇಡ ಮಗನೇ. ನನ್ನ ಕೈ ತಾನಾಗಿ ಬಾಗಿಲ ಹಿಡಿಕೆಗೆ ಹೋಯಿತು. ಸಾಕಮ್ಮ, ನಿಧಾನ ಮಾಡು ಅಂದೆ. ವಾಪಸು ಬಂದ ಲೆಕ್ಕವನ್ನು ಹೀಗೆ ನಾನೇ ಕೆಡಿಸಿದೆ, ಅದನ್ನು ಪರೀಕ್ಷೆಗೆ ಸೇರಿಸಿಲ್ಲ.

ನನ್ನ ತೀರ್ಮಾನ ಇಷ್ಟು. ಗಾಡಿಯಲ್ಲಿ ದೋಷವಿಲ್ಲ. ಹಡಗನ್ನು ಸ್ವಲ್ಪ ನಿಧಾನ ಮಾಡಿದರೆ ರಾಶಿಗಟ್ಟಲೆ ಎಣ್ಣೆ ಉಳಿಯುತ್ತದೆ ಎಂದು ಊಟದ ಮೇಜಿನ ಮುಂದೆ ನಮಗೆಲ್ಲ ಪಾಠ ಮಾಡಿದವನು ನೀನು, ಹನ್ನೊಂದು ಯಾಕೆ ಬಂತು ಎಂದು ನಿನಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ದಿನದ ಅಂಕಿಯನ್ನು ಹಿಡಿದು ಗಾಡಿಯನ್ನು ಅಳೆಯುವುದಕ್ಕೆ ಯಾವ ಇಲಾಖೆಯಲ್ಲೂ ಅನುಮತಿ ಇಲ್ಲ. ನಾನು ರುಜು ಹಾಕುವುದಿಲ್ಲ. ಕೊಳ್ಳಲು ಬಂದವರಿಗೆ ಟೀ ಕೊಟ್ಟು, ಗಾಡಿ ಮಾರುವುದಿಲ್ಲ ಎಂದು ಹೇಳಿ ಕಳಿಸಿದ್ದೇನೆ. ಕೋಪ ಬಂದರೆ ಬರಲಿ, ಊಟ ಮಾತ್ರ ಬಿಡಬೇಡ.

ಮೈ ಕೈ ಜೋಪಾನ. ನಿನ್ನ ಹೆಂಡತಿ ಬೇರೆ ಕಾಗದ ಬರೆದಿದ್ದಾಳೆ, ಅಂಟು ಹಾಕಿದ್ದಾಳೆ, ನಾನು ಓದಿಲ್ಲ ಎಂದು ನಂಬು. ಹೊಟ್ಟೆ ತಣ್ಣಗಿರಲಿ, ಸಮುದ್ರ ನಿನ್ನ ಮಟ್ಟಿಗೆ ಶಾಂತವಾಗಿರಲಿ ಎಂದು ಹರಸುವ,

ನಿನ್ನ ಅಮ್ಮ

ತಾ.ಕ.: ಅಡುಗೆಯವರು ಬಂದುಬಿಟ್ಟರು, ಸೊಸೆ ಅವರನ್ನು ಹೊರಗೆ ಮಾತಿಗೆ ಕೂರಿಸಿಕೊಂಡಿದ್ದಾಳೆ. ಮುಖ್ಯವಾದದ್ದನ್ನು ಇನ್ನೂ ಬರೆದಿಲ್ಲ. ಅಂದು ಬಂಕಿನ ಕ್ಯೂನಲ್ಲಿ ನಿಂತು ನೀನು ನನಗೆ ಫೋನ್ ಮಾಡಿದೆಯಲ್ಲ, ಆಗ ಸೊಸೆ ಔಷಧಿ ತರಲು ಕೆಳಗೆ ಹೋಗಿದ್ದಳು. ನಿನ್ನ ದನಿ ಕೇಳಿದ ಕೂಡಲೇ ನಾನು ಫೋನನ್ನು ನಿಮ್ಮಪ್ಪನ ಕಿವಿಗೆ ಹಿಡಿದೆ. ನೀನು ನನಗೆ ಹೇಳುತ್ತಿದ್ದೇನೆ ಎಂದುಕೊಂಡು, "ಅಮ್ಮಾ, ಈ ದರಿದ್ರ ಗಾಡಿ ಹನ್ನೊಂದೇ ಕೊಡ್ತಿದೆ, ಪೆಟ್ರೋಲಿಗೆ ನಿಂತಿದೀನಿ, ಬಂದೆ ಅಂತ ಅಪ್ಪಂಗೆ ಹೇಳು" ಅಂದೆ. ಕೇಳಿದ್ದು ಅವರೇ. ಕಣ್ಣು ಬಿಟ್ಟರು. ನಕ್ಕರು ಕಣೋ, ಆ ನೋವಿನಲ್ಲೂ. "ಹನ್ನೊಂದಾ? ಹಾಗಾದ್ರೆ ಹಾರಿಸ್ಕೊಂಡು ಬರ್ತಿದಾನೆ. ನಿಧಾನವಾಗಿ ಬರೋಕೆ ಹೇಳು" ಅಂದರು. ಅಷ್ಟರಲ್ಲಿ ನೀನು ಫೋನ್ ಇಟ್ಟಿದ್ದೆ. ನಾನು ತಿರುಗಿ ಮಾಡಿದಾಗ ನೀನು ಹೊರಟಾಗಿತ್ತು, ಓಡಿಸುವಾಗ ನೀನು ಫೋನ್ ಮುಟ್ಟುವವನಲ್ಲ. ಆಮೇಲೆ ಅವರು ಕಣ್ಣು ಮುಚ್ಚಿದರು, ನಾನು ಕರೆದರೂ ಡಾಕ್ಟರು ಕರೆದರೂ ತೆರೆಯಲಿಲ್ಲ. ನೀನು ನಿಲ್ಲದೆ ಬಂದಿದ್ದರೆ ನಿನಗೆ ಸಿಗುತ್ತಿದ್ದದ್ದು ಮಾತಿಲ್ಲದ ಅಪ್ಪ. ನಿಂತದ್ದಕ್ಕೇ ಅವರಿಗೆ ನಿನ್ನ ದನಿ ಸಿಕ್ಕಿತು. ಅವರು ಕಡೆಯದಾಗಿ ಆಡಿದ ಮಾತು ಅದು, ಅದಕ್ಕೇ ನನ್ನೊಬ್ಬಳದೆಂದು ಯಾರಿಗೂ ಹೇಳದೆ ಒಳಗೆ ಇಟ್ಟುಕೊಂಡಿದ್ದೆ. ಆದರೆ ಅದು ನಿನಗೆ ಕಳಿಸಿದ ಮಾತು. ನೀನು ಹಡಗಿನಿಂದ ಇಳಿಯುವ ದಿನ ವೇಷಧಾರಿಯನ್ನು ತೆಗೆದುಕೊಂಡು ನಾವಿಬ್ಬರೂ ಬಂದರಿಗೆ ಬರುತ್ತೇವೆ. ಮನೆಗೆ ನೀನೇ ಓಡಿಸು. ನಿಧಾನವಾಗಿ ಬಾ ಅಂದಿದ್ದಾರೆ ಅಪ್ಪ.