ಒರೆಸಿದ ಸಾಲು

ಅಳಿಯನಿಗೆ ಮಾವನ ಆಶೀರ್ವಾದ.

ನಾಳೆ ನಿನ್ನ ಈಜುಕೊಳವನ್ನೂ ಬಿಸಿನೀರಿನ ತೊಟ್ಟಿಯನ್ನೂ ಮತ್ತೆ ತೆರೆಯುತ್ತೀಯಂತೆ. ನೀರು ನೋಡಿಕೊಳ್ಳುವ ನಾನು ಬೋರ್ಡಿನ ಮೇಲೆ ಎರಡು ಸಾಲು ಬರೆದಿದ್ದೆ: “ಕ್ಲೋರಿನ್ ಹಾಕಿದ ನೀರಿನಿಂದ ಕೊರೊನಾ ಸೋಂಕು ಹರಡುವುದಿಲ್ಲ. ಪಕ್ಕದವರ ಉಸಿರಿನಿಂದ ಹರಡುತ್ತದೆ, ತೊಟ್ಟಿಗೆ ಒಂದು ಸಲಕ್ಕೆ ಒಂದೇ ಮನೆಯವರು ಇಳಿಯಿರಿ.” “ಗಿರಾಕಿಗಳನ್ನ ಓಡಿಸೋಕೆ ನೀವೊಬ್ರೇ ಸಾಕು ಮಾವ” ಎಂದು ನೀನು ಎರಡನೆಯದನ್ನು ಒರೆಸಿದೆ.

ನಿನ್ನ ತಾಯಿ ಮಂಡಿನೋವಿಗೆಂದು ಆ ತೊಟ್ಟಿಯಲ್ಲಿ ಆರು ಜನ ಅಪರಿಚಿತರ ನಡುವೆ ಹೋಗಿ ಕೂತಳು. ಬೋರ್ಡಿನಲ್ಲಿ ಉಳಿದಿದ್ದ ಮೊದಲ ಸಾಲು ತೋರಿಸಿ “ನಿನ್ನದೇ ಅಕ್ಷರ ಅಲ್ವಾ ಅಣ್ಣ, ಭಯ ಯಾಕೆ” ಅಂದಳು. ನಾನೂ ಅವಳನ್ನು ಎಬ್ಬಿಸಲಿಲ್ಲ. ಅದೇ ಸೋಂಕು ತಗುಲಿ ಅವಳು ತೀರಿಹೋಗಿ ಇವತ್ತಿಗೆ ಒಂದು ತಿಂಗಳು.

ಆ ಸಾಲನ್ನು ಈ ಸಲ ನಿನ್ನ ಕೈಯಾರೆ ಬರೆ. ಗಿರಾಕಿಗಳು ಬರದಿದ್ದರೆ ನಾನು ಬಂದು ಕೂರುತ್ತೇನೆ, ನಿನ್ನಿಂದ ಸ್ವಲ್ಪ ದೂರದಲ್ಲಿ.

ಇಂತಿ,
ನಿನ್ನ ತಾಯಿಯ ಅಣ್ಣ